ಗೆಲುವಿನ ಪಾಯಿಂಟ್ ಯಾರದು

ಪುಟ್ಟಿ,

ಪತ್ರಿಕೆ ಕಚೇರಿಗೆ ಹೊರಟೆ. ಆ ಎಚ್‌ಡಿ ಡಿಸ್ಕ್ ಪ್ಲೇಯರ್ ಇವತ್ತೇ ಕೊಂಡು ತಾ. ಕಾರ್ಡು ಕಪಾಟಿನ ಮೇಲಿದೆ.

ಬೇಡ ಎಂದವನು ನಾನೇ. ಇಪ್ಪತ್ತಾರು ವರ್ಷದಿಂದ ವರದಿಗಳಲ್ಲಿ ‘ಎಲ್ಲ’ ಎಂದಿದ್ದರೆ ಅನುಮಾನದ ಗೆರೆ ಎಳೆಯುವ ನನಗೆ, ‘ಎಲ್ಲ ಬಗೆಯ ಡಿಸ್ಕ್ ಓಡುತ್ತದೆ’ ಎಂಬ ಮಾತನ್ನು ನಂಬಲಾಗಲಿಲ್ಲ. ನೀನೂ ನಂಬಲಿಲ್ಲ. ಮನೆಯ ಡಿಸ್ಕುಗಳನ್ನೇ ಚೀಲದಲ್ಲಿ ಹೊತ್ತು ಅಂಗಡಿಗೆ ನಡೆದೆ. “ಡಬ್ಬದ ಮೇಲೇ ಬರ್ದಿದೆಯಲ್ಲಮ್ಮ” ಎಂದ ಅಂಗಡಿಯವರಿಗೆ, “ಓದೋಕೆ ನಂಗೂ ಬರುತ್ತೆ ಅಂಕಲ್, ಓಡಿಸಿ ತೋರ್ಸಿ” ಎಂದೆಯಂತೆ. ಹದಿನಾಲ್ಕರಲ್ಲಿ ಹನ್ನೊಂದು ಓಡಿದವು, ಮೂರು ಓಡಲಿಲ್ಲ ಎಂದು ಹಾಳೆಯಲ್ಲಿ ಬರೆದುಕೊಂಡೂ ಬಂದೆ. ಇಷ್ಟು ನೆಟ್ಟಗಿನ ವರದಿ ನಮ್ಮ ಕಚೇರಿಯಲ್ಲಿ ಅಪರೂಪ. ಎದೆ ಉಬ್ಬಿತು ಕಣೇ.

ಓಡಿದ ಹನ್ನೊಂದರಲ್ಲಿ ಅಮ್ಮನ ವಾಲಿಬಾಲ್ ಫೈನಲ್ಲೂ ಒಂದು. ಗೆಲುವಿನ ಪಾಯಿಂಟ್ ತಂಡದ ನಾಯಕಿಯದು ಎಂದು ಅಂದು ಪತ್ರಿಕೆಯಲ್ಲಿ ಬರೆದವನು ನಾನು. “ನಂದು ಕಣ್ರೀ ಅದು” ಎಂದು ಅಮ್ಮ ಹದಿನೆಂಟು ವರ್ಷದಿಂದ ಹೇಳುತ್ತಿದ್ದಾಳೆ. ಹಳೆಯ ಪ್ಲೇಯರ್‌ನಲ್ಲಿ ಆ ಡಿಸ್ಕ್ ಓಡಲಿಲ್ಲ. ನಾನೂ ಪಟ್ಟು ಬಿಡಲಿಲ್ಲ. ನೀನು ಅಂಗಡಿಯಲ್ಲಿ ಕೊನೆಯವರೆಗೂ ನೋಡಿದ್ದೀಯ. ಯಾರದು ಎಂದು ಕೇಳಿದರೆ, “ನೀವೇ ನೋಡಿ ಅಪ್ಪ” ಎಂದು ನಕ್ಕೆ. ಆ ನಗುವಿನಲ್ಲೇ ಉತ್ತರ ಸಿಕ್ಕಿತು.

ಸಂಜೆ ನಾನು ಬರುವ ತನಕ ಹಾಕಬೇಡ. ಅಮ್ಮನಿಗೆ ಟಿ.ವಿ. ಎದುರಿನ ಕುರ್ಚಿ ಬಿಡು. ತಪ್ಪು ಬರೆದವನೇ ಎದ್ದು ನಿಂತು ತಿದ್ದುಪಡಿ ಓದಬೇಕು.

ಅಪ್ಪ