ಸಿಂಕಿನಿಂದ ಮುಂದೆ ಎಲ್ಲಿಗೆ?

ತಾಂತ್ರಿಕ ಪರೀಕ್ಷಾ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ,

ಕ್ಷೇಮವಾಗಿದ್ದೀರಾ? ಪತ್ರ ಅಂದರೆ ನನಗೆ ಗೊತ್ತಿರುವುದು ತಂಗಿಗೆ, ಓರಗಿತ್ತಿಗೆ, ಅಕ್ಕನ ಮಕ್ಕಳಿಗೆ ಬರೆಯುವಂಥದ್ದು. ಅದರಲ್ಲಿ ಮೊದಲು ಎಲ್ಲರ ಆರೋಗ್ಯ ವಿಚಾರಿಸಬೇಕು, ಜಗಳ ಏನಿದ್ದರೂ ಆಮೇಲೆ. ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮ ಬಾಗಿಲಲ್ಲಿ ದಿನವಿಡೀ ಸ್ಟೂಲಿನ ಮೇಲೆ ಕೂತು ಕಾವಲಿರುವ ಸ್ಟೂಲಣ್ಣನ ಸೊಂಟನೋವು ಇಳಿಯಿತೇ? ಟಪಾಲು ತೆಗೆದುಕೊಳ್ಳುವ ಗುಮಾಸ್ತೆಯ ನೆಗಡಿ ವಾಸಿಯಾಯಿತೇ? ವರಾಂಡದ ಕುಂಡದಲ್ಲಿ ಒಣಗುತ್ತಿದ್ದ ಬಳ್ಳಿಗೆ ನಾನು ನನ್ನ ಬಾಟಲಿಯ ನೀರು ಹಾಕಿ ಬಂದಿದ್ದೆ, ಅದು ಚಿಗುರಿತೇ? ಕಳೆದ ವಾರ ನಿಮ್ಮನ್ನು ನೋಡಲು ಬಂದು ಬೆಳಗಿನಿಂದ ಸಂಜೆಯವರೆಗೆ ಕಾದಾಗ ಪರಿಚಯವಾದವರು ಇವರೇ. ನೀವು ಮಾತ್ರ ಸಿಗಲಿಲ್ಲ. "ಸಾಹೇಬ್ರು ಮೀಟಿಂಗಲ್ಲಿದ್ದಾರೆ ಅಜ್ಜಿ. ಪರಿಸರ ದಿನಕ್ಕೆ ಬ್ಯಾನರ್ ಯಾವ ಹಸಿರಲ್ಲಿರಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ" ಅಂದ ಸ್ಟೂಲಣ್ಣ. ತೀರ್ಮಾನ ಆಗಿರಬಹುದು. ಆಗಿರದಿದ್ದರೆ ನಮ್ಮ ಮನೆಯ ಹಿಂದೆ ಬಂದು ನೋಡಿ, ನಿಮ್ಮದೇ ಕಾಲೇಜು ಒಂದು ಬಗೆಯ ಹಸಿರನ್ನು ಪ್ರತಿ ಗುರುವಾರ ನಮ್ಮ ಚರಂಡಿಗೆ ಬಿಡುತ್ತದೆ.

ಇನ್ನು ಜಗಳ. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳನ್ನು ನಿಮ್ಮ ಮಂಡಳಿ ಪರಿಸರ ವಿಜ್ಞಾನದ ಮೌಖಿಕ ಪರೀಕ್ಷೆಯಲ್ಲಿ ಫೇಲ್ ಮಾಡಿದೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಲಿಲ್ಲವೆಂದಲ್ಲ, ಹೇಳಿದ್ದಾಳೆ. ಉತ್ತರ ಮುಗಿದ ಮೇಲೆ ತಾನೂ ಒಂದು ಪ್ರಶ್ನೆ ಕೇಳಿದಳು, ಅದಕ್ಕೆ.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾನು ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟು. ಆಮೇಲೆ ಬಾಡಿಗೆಗೆ ಪುಸ್ತಕ ಕೊಡುವ ಒಂದು ಗೂಡಂಗಡಿ ಇಟ್ಟುಕೊಂಡೆ. ಗಿರಾಕಿ ಬರುವವರೆಗೆ ಮಾಡಲು ಬೇರೆ ಕೆಲಸವಿರಲಿಲ್ಲವಾದ್ದರಿಂದ ಕಪಾಟಿನಲ್ಲಿದ್ದದ್ದನ್ನೆಲ್ಲ ಓದಿದೆ. ಕೊಲೆ, ಪ್ರೇಮ, ಹೋಮಿಯೋಪತಿ, ಕುಕ್ಕುಟ ಸಾಕಣೆ, ಯಾವುದನ್ನೂ ಬಿಟ್ಟವಳಲ್ಲ. ಅಂಗಡಿ ಮುಚ್ಚಿತು, ಚಟ ಮುಚ್ಚಲಿಲ್ಲ. ಈಗ ಮೊಮ್ಮಗಳ ಪುಸ್ತಕಗಳೇ ಗತಿ. ಸೇತುವೆ, ಕಾಂಕ್ರೀಟು ನನ್ನ ತಲೆಗೆ ಹತ್ತಲಿಲ್ಲ. ಪರಿಸರ ವಿಜ್ಞಾನದ ಪುಸ್ತಕ ಹತ್ತಿತು. ಅದನ್ನು ರಟ್ಟಿನಿಂದ ರಟ್ಟಿನವರೆಗೆ ಓದಿದವಳು ಇಡೀ ಊರಿನಲ್ಲಿ ನಾನೊಬ್ಬಳೇ ಇರಬೇಕು ಎಂದು ಮೊಮ್ಮಗಳು ಗೇಲಿ ಮಾಡುತ್ತಾಳೆ. "ಅದನ್ನ ಯಾರೂ ಓದಲ್ಲ ಅಜ್ಜಿ. ಹಳೇ ಪ್ರಶ್ನೆಪತ್ರಿಕೆ ಇರುತ್ತೆ, ಟಿಕ್ ಹಾಕಿ ಬರೋದು ಅಷ್ಟೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ." ಆ ವಿಷಯದ ಅಂಕ ಒಟ್ಟಿಗೆ ಸೇರುವುದಿಲ್ಲವಂತೆ, ಆದರೆ ಪಾಸಾಗದಿದ್ದರೆ ಪದವಿಯೇ ಇಲ್ಲವಂತೆ. ಇಂಥ ಏರ್ಪಾಟನ್ನು ಯೋಚಿಸಿದ ತಲೆ ಯಾವುದು ಸ್ವಾಮಿ? ಪಾಠ ಶನಿವಾರದ ಕೊನೆಯ ಪೀರಿಯಡ್. ಪಾಠ ಮಾಡುವವರು ಯಾರು ಅಂದರೆ ಆ ಹೊತ್ತಿಗೆ ಕೈ ಖಾಲಿ ಇದ್ದವರು. ಈ ಸಲ ಕಾಂಕ್ರೀಟಿನ ಮೇಡಂ ಸಿಕ್ಕಿಬಿದ್ದರು. ಅವರು ಒಳ್ಳೆಯ ಹೆಣ್ಣುಮಗಳು. ಮೊದಲ ದಿನವೇ, "ನನಗೂ ಇದು ಹೊಸತು, ಜೊತೆಗೇ ಓದೋಣ" ಅಂದರಂತೆ. ಅಷ್ಟು ನಿಜ ಹೇಳುವವರು ನಿಮ್ಮ ಮಂಡಳಿಯಲ್ಲಿ ಎಷ್ಟು ಜನ ಇದ್ದಾರೋ.

ನಮ್ಮ ಓಣಿ ಕಾಲೇಜಿನ ಹಿಂಗೋಡೆಗೆ ಒರಗಿಕೊಂಡಿದೆ. ಗೋಡೆಯಲ್ಲಿ ಒಂದು ಕೊಳವೆ, ಕೊಳವೆಯ ಕೆಳಗೆ ಚರಂಡಿ, ಚರಂಡಿಗೆ ಬೆನ್ನು ಹಾಕಿ ನಮ್ಮ ಮನೆ, ಪಕ್ಕದಲ್ಲಿ ಹೊಲಿಗೆಯವಳ ಮನೆ. ಕೊಳವೆಯ ಬಾಯಿಯ ಸುತ್ತ ಪಾಚಿ ಬೆಳೆಯುವುದಿಲ್ಲ. ಚರಂಡಿಯ ಸಿಮೆಂಟು ಅಲ್ಲಿ ಮಾತ್ರ ನೆನೆದ ಬಿಸ್ಕತ್ತಿನಂತೆ ಉದುರುತ್ತದೆ. ಸೊಳ್ಳೆಯೂ ಇಲ್ಲ. ಇಷ್ಟು ದಿನ ನಾವು ಕಾಲೇಜನ್ನು ಹರಸುತ್ತಿದ್ದೆವು. "ಏನೋ ಒಳ್ಳೇ ಔಷಧಿ ಬಿಡ್ತಾರೆ ಕಣ್ರಿ. ನಮ್ಮ ತಂಗಿ ಓಣೀಲಿ ಸೊಳ್ಳೆ ಎತ್ಕೊಂಡು ಹೋಗುತ್ತೆ, ಇಲ್ಲಿ ನೋಡಿ, ಒಂದಿಲ್ಲ" ಎಂದು ಹೊಲಿಗೆಯವಳು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದಳು.

ಅವಳು ಹಾಗೆ ಹರಸುತ್ತಿರುವಾಗಲೇ ಮೆರವಣಿಗೆ ಬಂತು. ವಿದ್ಯಾರ್ಥಿಗಳು ಈ ಚರಂಡಿಯ ನೀರನ್ನೇ ಬಾಟಲಿಯಲ್ಲಿ ಹಿಡಿದುಕೊಂಡು ಹೋಗಿ, ಪ್ರಯೋಗಾಲಯದಲ್ಲಿ ಕೊಳಕು ಎಷ್ಟಿದೆ ಎಂದು ಅಳೆದು, "ಸುತ್ತಲಿನ ನಿವಾಸಿಗಳಲ್ಲಿ ಅರಿವಿನ ಕೊರತೆ" ಎಂದು ವರದಿ ಬರೆದಿದ್ದರಂತೆ. ಕೊರತೆ ನೀಗಿಸಲು ಬಂದದ್ದು ಆ ಮೆರವಣಿಗೆ. ನುಣುಪು ಕಾಗದದ ಕರಪತ್ರ, ಕೋಲಿಗೆ ಕಟ್ಟಿದ ಫಲಕ. ಒಬ್ಬ ನನ್ನ ಕೈಗೆ ಕರಪತ್ರ ಕೊಟ್ಟು, "ಅಜ್ಜಿ, ಚರಂಡಿಗೆ ಏನೂ ಸುರೀಬಾರದು, ಆಯ್ತಾ?" ಅಂದ.

ಹೊಲಿಗೆಯವಳು ಬಾಗಿಲಿಗೆ ಬಂದು, "ಸುರಿಯೋಕೆ ನಮ್ಮನೇಲಿ ಏನಿದೆಯಪ್ಪ? ಬಟ್ಟೆ ಚೂರನ್ನೂ ದಿಂಬಿಗೆ ತುಂಬೋಳು ನಾನು" ಅಂದಳು.

"ಅಲ್ಲ ಆಂಟಿ, ಸಾಮಾನ್ಯವಾಗಿ ಹೇಳಿದೆ."

"ಸಾಮಾನ್ಯವಾಗಿ ಹೇಳೋದಾದ್ರೆ ಸಾಮಾನ್ಯರ ಮನೆಗೇ ಯಾಕೆ ಬರ್ತೀರಿ?"

ಆ ಗುಂಪಿನ ಹಿಂದೆ ಫಲಕದಿಂದ ಮುಖ ಮುಚ್ಚಿಕೊಂಡು ನಿಂತಿದ್ದವಳು ನನ್ನ ಮೊಮ್ಮಗಳು. ಚಿಕ್ಕಂದಿನಲ್ಲಿ ಹಾಲು ಕುಡಿ ಅಂದರೂ ಯಾಕೆ, ಮಲಗು ಅಂದರೂ ಯಾಕೆ ಅನ್ನುತ್ತಿದ್ದಳೆಂದು ಮನೆಯಲ್ಲಿ ಅವಳನ್ನು ಯಾಕಮ್ಮ ಎಂದೇ ಕರೆಯುತ್ತೇವೆ. ನಾನು ಕರಪತ್ರವನ್ನು ಓದಿ ಮಡಚಿ, "ಬರೆದವರು ಯಾರೋ, ಅಕ್ಷರ ದುಂಡಗಿದೆ. ಈ ಚರಂಡಿ ಯಾವ ಮನೆಯಿಂದ ಶುರುವಾಗುತ್ತೆ ಅಂತ ನೋಡಿದ್ದಾರಾ?" ಅಂದೆ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ.

ಮುಂದಿನ ಗುರುವಾರ ಪ್ರಯೋಗ ಮುಗಿಸಿ ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಹಿತ್ತಿಲಿಗೆ ಹೋಗಿ ನಿಂತಳು. ನಾನೂ ಹೋದೆ. ಕೊಳವೆಯಿಂದ ತೆಳು ಹಸಿರಿನ ನೀರು ಬರುತ್ತಿತ್ತು, ಮೂಗಿಗೆ ಘಾಟು. "ಅಜ್ಜಿ, ಇದು ನಾನು ಈಗ ತಾನೇ ಸುರಿದು ಬಂದಿದ್ದು" ಅಂದಳು. ನನಗೆ ಅರ್ಥವಾಗಲಿಲ್ಲ. ಅಲ್ಲೇ ನಿಲ್ಲಿಸಿಕೊಂಡು ಬಿಡಿಸಿ ಹೇಳಿದಳು. ನೀರಿನ ಕೊಳಕನ್ನು ಅಳೆಯಲು ಅದಕ್ಕೆ ಗಂಧಕಾಮ್ಲ ಹಾಕಬೇಕು, ಕ್ರೋಮಿಯಂ ಇರುವ ಕಿತ್ತಳೆ ಬಣ್ಣದ ದ್ರಾವಣ ಹಾಕಬೇಕು, ಪಾದರಸದ ಲವಣ ಹಾಕಬೇಕು, ಎಲ್ಲ ಸೇರಿಸಿ ಕಾಯಿಸಬೇಕು. ಲೆಕ್ಕ ಬಂದ ಮೇಲೆ ಉಳಿದದ್ದನ್ನು ನಲ್ಲಿ ಜೋರಾಗಿ ಬಿಟ್ಟು ಸಿಂಕಿಗೆ ಸುರಿಯಬೇಕು. ಎಲ್ಲ ತಂಡಗಳೂ, ಎಲ್ಲ ಗುರುವಾರವೂ.

ಅಂದರೆ ಏನಾಯಿತು, ಮಾನ್ಯರೇ? ನಮ್ಮ ಚರಂಡಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು, ಅದರಲ್ಲಿ ಇಲ್ಲದಿದ್ದ ವಿಷವನ್ನು ಅದಕ್ಕೆ ಸೇರಿಸಿ, ಆಮೇಲೆ ಬಂದು ನಮಗೆ ಕರಪತ್ರ ಕೊಟ್ಟು ಹೋದಿರಿ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ. ನಿಮ್ಮದು ಕತ್ತಲೆಯನ್ನು ಪಕ್ಕದ ಮನೆಗೆ ಸಾಗಿಸುವ ದೀಪ. ಆ ರಾಸಾಯನಿಕದ ಬಾಟಲಿಯ ಮೇಲೆ ಒಂದು ಚಿತ್ರವಿದೆಯಂತೆ, ಎಲೆ ಉದುರಿದ ಮರ, ಹೊಟ್ಟೆ ಮೇಲಾದ ಮೀನು. ಓದು ಬಾರದವರಿಗೂ ತಿಳಿಯಲಿ ಎಂದು ಹಾಕಿದ ಚಿತ್ರ. ಓದಿದವರಿಗೆ ತಿಳಿಯಲು ಇನ್ಯಾವ ಚಿತ್ರ ಬರೆಯಬೇಕು?

ಮೌಖಿಕ ಪರೀಕ್ಷೆಯ ದಿನ ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಪ್ರಯೋಗದ ಉದ್ದೇಶ ಕೇಳಿದರು, ಹೇಳಿದಳು. ವಿಧಾನ ಕೇಳಿದರು, ಹೇಳಿದಳು. ಹೋಗಬಹುದು ಅಂದರು. ಹೋಗಬೇಕಿತ್ತು. ಹೋಗಿದ್ದರೆ ಅವಳು ಯಾಕಮ್ಮ ಆಗುತ್ತಿರಲಿಲ್ಲ. ನಡೆದದ್ದನ್ನು ಅವಳ ಬಾಯಿಂದಲೇ ಮತ್ತೆ ಮತ್ತೆ ಕೇಳಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

"ಸರ್, ಅಳೆದಾದ ಮೇಲೆ ಇದು ಎಲ್ಲಿಗೆ ಹೋಗುತ್ತೆ?"

"ಸಿಂಕಿಗಮ್ಮ."

"ಸಿಂಕಿನಿಂದ ಮುಂದೆ?"

"ಚರಂಡಿಗೆ."

"ಅಲ್ಲಿಂದ ಮುಂದೆ ಸರ್?"

"ಅದು ಸಿಲಬಸ್‌ನಲ್ಲಿಲ್ಲ."

"ನಮ್ಮ ಮನೆ ಹಿಂದೆ ಇದೆ ಸರ್."

ಉಳಿದ ವಿದ್ಯಾರ್ಥಿಗಳು ನಕ್ಕರಂತೆ. ಇವಳು ನಗಿಸಲು ಹೇಳಿದ್ದಲ್ಲ. ಪರೀಕ್ಷಕರಿಗೆ ಮುಖಭಂಗವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರ ಹೆಸರನ್ನೇ ಎತ್ತದ ಪ್ರಶ್ನೆಗೆ ಅವರೇ ನೊಂದುಕೊಂಡರು. "ವರ್ತನೆ ತೃಪ್ತಿಕರವಲ್ಲ" ಎಂದು ಬರೆದು ಫೇಲ್ ಮಾಡಿದರು. ಕಾಂಕ್ರೀಟಿನ ಮೇಡಂ ಅಡ್ಡ ಬಂದು ಏನೋ ಹೇಳಹೋದರೆ, ನಿಮ್ಮ ವಿಷಯ ಬೇರೆಯಲ್ಲವೇ ಎಂದು ಕೂರಿಸಿದರಂತೆ.

ಸಿಲಬಸ್‌ನಲ್ಲಿಲ್ಲವೇ? ಪುಸ್ತಕ ನನ್ನ ತೊಡೆಯ ಮೇಲೇ ಇದೆ. ಮೊದಲ ಅಧ್ಯಾಯದಲ್ಲೇ, ಲೋಕದಲ್ಲಿ ಯಾವುದೂ ಮಾಯವಾಗುವುದಿಲ್ಲ, ರೂಪ ಬದಲಿಸುತ್ತದೆ ಇಲ್ಲವೇ ಜಾಗ ಬದಲಿಸುತ್ತದೆ ಎಂದು ದಪ್ಪ ಅಕ್ಷರದಲ್ಲಿದೆ. ಅದಕ್ಕೆ ಬಾಣದ ಗುರುತಿನ ಚಿತ್ರವೂ ಇದೆ. ನನ್ನ ಮೊಮ್ಮಗಳು ಆ ಬಾಣವನ್ನು ಹಿಡಿದುಕೊಂಡು ನಡೆದಳು, ಅಷ್ಟೇ. ಬಾಣ ಕಾಲೇಜಿನ ಗೋಡೆಯವರೆಗೆ ಬಂದಾಗ ಪಠ್ಯ, ಗೋಡೆ ದಾಟಿದರೆ ಉದ್ಧಟತನ, ಇದು ಯಾವ ಊರಿನ ವಿಜ್ಞಾನ?

ಈಗ ನಿಮ್ಮ ಕಚೇರಿಯಿಂದ ಒಂದು ಕಾಗದ ಬಂದಿದೆ. ಬರುವ ಸೋಮವಾರದೊಳಗೆ ಅದಕ್ಕೆ ಸಹಿ ಹಾಕಿದರೆ ಪಾಸು, ಹಾಕದಿದ್ದರೆ ಒಂದು ವರ್ಷ ನಷ್ಟ. "ಪಠ್ಯಕ್ಕೆ ಸಂಬಂಧಿಸದ ಪ್ರಶ್ನೆ ಕೇಳಿ ಪರೀಕ್ಷಕರ ಸಮಯ ವ್ಯರ್ಥ ಮಾಡಿದ್ದಕ್ಕೆ ವಿಷಾದಿಸುತ್ತೇನೆ" ಎಂದಿದೆ. ಮನೆಯಲ್ಲಿ ಆ ಕಾಗದವನ್ನು ಯಾರೂ ಮುಟ್ಟುವುದಿಲ್ಲ, ಅದರ ಸುತ್ತ ಎಲ್ಲರೂ ತಿರುಗುತ್ತೇವೆ. ನನ್ನ ಮಗ, ಅಂದರೆ ಅವಳ ಅಪ್ಪ, ಬಸ್ ರಿಪೇರಿ ಮಾಡುವವನು, ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಸಹಿ ಹಾಕಿದ್ರೆ ನಮ್ಮ ಗಂಟೇನು ಹೋಗುತ್ತೆ? ಊರಿಗೆಲ್ಲ ಬುದ್ಧಿ ಹೇಳೋಕೆ ನಮ್ಮ ಹುಡುಗೀನೇ ಆಗ್ಬೇಕಾ?" ಅಂದ. ಸೊಸೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ನಾನೂ ಅಂದೆ, ಸುಳ್ಳೇಕೆ. "ಹಾಕಿಬಿಡು ಮಗಾ. ಪದವಿ ಕೈಗೆ ಬರಲಿ, ಆಮೇಲೆ ಬೇಕಾದ್ದು ಕೇಳು" ಅಂದೆ.

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿನಿಂದ ಹೋಗಿಲ್ಲ. ಸಿಟ್ಟಿರಲಿಲ್ಲ. ತಣ್ಣಗೆ, "ಹಾಕ್ತೀನಿ ಬಿಡಜ್ಜಿ. ನಾಳೆ ಕೆಲಸಕ್ಕೆ ಸೇರಿದ್ ಮೇಲೂ ಇಂಥ ಕಾಗದಗಳೇ ಬರ್ತವಲ್ಲ, ಕೊಳವೆ ಎಲ್ಲಿಗೆ ಹೋಗುತ್ತೆ ಅಂತ ಕೇಳದೆ ಸಹಿ ಹಾಕೋ ಕಾಗದ. ಈಗ್ಲೇ ಅಭ್ಯಾಸ ಆಗ್ಲಿ" ಅಂದಳು.

ಅಲ್ಲಿಂದ ನನಗೆ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಈ ಪತ್ರವನ್ನೇ ಎಷ್ಟು ಸಲ ಎದ್ದು, ಹಿತ್ತಿಲಿಗೆ ಹೋಗಿ, ಆ ಕೊಳವೆಯನ್ನು ನೋಡಿ ಬಂದು ಮುಂದುವರಿಸಿದೆನೋ. ಯೋಚಿಸಿ ಮಾನ್ಯರೇ, ಇವರು ನಾಳೆ ಊರುಗಳಿಗೆ ಕೊಳವೆ ಎಳೆಯುವವರು, ಕಾರ್ಖಾನೆ ಕಟ್ಟುವವರು, ನದಿಗೆ ಅಡ್ಡ ಗೋಡೆ ಹಾಕುವವರು. ಅವರಿಗೆಲ್ಲ ಪರಿಸರ ವಿಜ್ಞಾನ ಕಡ್ಡಾಯ ಎಂದು ಮಾಡಿದವರು ಒಳ್ಳೆಯದನ್ನೇ ಬಯಸಿರಬೇಕು. ಮುಂದೊಂದು ದಿನ ನಕ್ಷೆ ಎದುರಿಗೆ ಕೂತಾಗ ಒಬ್ಬನಾದರೂ, "ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?" ಎಂದು ಕೇಳಲಿ ಎಂದೇ ಅಲ್ಲವೇ ಇಡೀ ಪುಸ್ತಕ ಬರೆದದ್ದು? ಆ ಒಬ್ಬಳು ನಿಮ್ಮ ಪರೀಕ್ಷೆಯಲ್ಲೇ ಸಿಕ್ಕಳು. ಸಿಕ್ಕವಳಿಗೆ ಕೊಟ್ಟದ್ದು ಕ್ಷಮಾಪಣೆಯ ಕಾಗದ. ಪಾಸಾದವರೆಲ್ಲ ನಲ್ಲಿ ಜೋರಾಗಿ ಬಿಡುವುದನ್ನು ಕಲಿತು ಹೋದರು.

ನನ್ನ ಬೇಡಿಕೆ ದೊಡ್ಡದಲ್ಲ. ಮೊಮ್ಮಗಳನ್ನು ಪಾಸು ಮಾಡಿ ಎಂದು ಬೇಡುವುದಿಲ್ಲ, ಬೇಡಿದರೆ ನನ್ನ ಜೊತೆ ಮಾತು ಬಿಡುತ್ತೇನೆಂದು ಅವಳು ಹೆದರಿಸಿದ್ದಾಳೆ. ಆ ಕಾಗದವನ್ನು ವಾಪಸು ತೆಗೆದುಕೊಂಡು ಮತ್ತೊಮ್ಮೆ ಪರೀಕ್ಷೆ ಮಾಡಿ, ಎಷ್ಟು ಕಠಿಣವಾಗಿ ಬೇಕಾದರೂ ಮಾಡಿ. ಇನ್ನು, ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಂದು ತಲೆಬರಹಗಳಿವೆಯಲ್ಲ, ಫಲಿತಾಂಶದ ಕೆಳಗೆ ಇನ್ನೊಂದು ಸೇರಿಸಿ: "ಉಳಿದದ್ದನ್ನು ಏನು ಮಾಡಿದಿರಿ?" ಎಲ್ಲರೂ ಅದಕ್ಕೆ ಉತ್ತರ ಬರೆಯಲಿ. ಸಿಂಕು ಎಂದು ಬರೆದವರನ್ನು ಫೇಲ್ ಮಾಡಿ. ಆಗ ಕಾಲೇಜೇ ಒಂದು ಕ್ಯಾನು ಇಟ್ಟು, ಅದನ್ನು ತುಂಬಿಸಿ, ವಿಷವನ್ನು ಸರಿಯಾಗಿ ವಿಲೇವಾರಿ ಮಾಡುವವರಿಗೆ ಒಪ್ಪಿಸುವುದನ್ನು ಕಲಿಯುತ್ತದೆ. ಅಷ್ಟರವರೆಗೆ ಗುರುವಾರದ ಪ್ರಯೋಗ ನಿಲ್ಲಲಿ. ಸೊಳ್ಳೆ ಬಂದರೆ ಬರಲಿ, ನಾವು ಪರದೆ ಕಟ್ಟಿಕೊಳ್ಳುತ್ತೇವೆ. ಹೊಲಿಗೆಯವಳು ಹೊಲಿದು ಕೊಡುತ್ತೇನೆ ಅಂದಿದ್ದಾಳೆ.

ಕಾಗದ ಮೇಜಿನ ಮೇಲಿದೆ, ಅದರ ಮೇಲೆ ಪೆನ್ನಿದೆ. ಯಾಕಮ್ಮ ಒಳಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಾಳೆ. ಎರಡು ದಿನದಿಂದ ಈ ಮನೆಯಲ್ಲಿ ಅವಳು ಯಾರನ್ನೂ, ಯಾವುದಕ್ಕೂ, ಯಾಕೆ ಎಂದು ಕೇಳಿಲ್ಲ. ಅವಳು ಫೇಲಾಗುತ್ತಾಳೆಂಬ ಭಯ ನನಗೆ ಈಗಿಲ್ಲ. ಸಹಿ ಹಾಕಿಬಿಡುತ್ತಾಳೇನೋ ಎಂಬುದೇ ಭಯ. ಸೋಮವಾರದೊಳಗೆ ನಿಮ್ಮಿಂದ ಒಂದು ಸಾಲು ಬಂದರೂ ಸಾಕು. ಸಿಂಕಿನಿಂದ ಮುಂದೆ ಎಲ್ಲಿಗೆ ಎಂಬುದು ನಿಮಗೂ ತಿಳಿಯದಿದ್ದರೆ ತಿಳಿಯದು ಎಂದೇ ಬರೆಯಿರಿ, ಅದೂ ಉತ್ತರವೇ. ಆದರೆ ಬೇಗ ಬರೆಯಿರಿ.

ಇಂತಿ,
ನಿಮ್ಮ ಕೊಳವೆಯ ಇನ್ನೊಂದು ತುದಿಯಲ್ಲಿ ವಾಸವಾಗಿರುವ,
ಸಿಲಬಸ್‌ನಲ್ಲಿಲ್ಲದ ಒಬ್ಬ ಅಜ್ಜಿ