ಅತ್ತೆಯವರ ಪರವಾಗಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕನಿಗೆ,

ಬೈಯಬೇಡ! ಮದುವೆಯಾದದ್ದೇ ತಡ ಅಕ್ಕನನ್ನು ಮರೆತಳು ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾನ್ವೆಂಟಿನವಳ ಕನ್ನಡ, ಒತ್ತಕ್ಷರ ಕೈಕೊಟ್ಟರೆ ನೀನೇ ತಿದ್ದಿಕೊ.

ಮೊದಲು ಖುಷಿಯ ಸುದ್ದಿ. ನಮ್ಮ ಮೂರನೇ ಮಹಡಿಯ ಮನೆಗೆ ಬೆಳಗ್ಗೆ ಎಷ್ಟೊಂದು ಬೆಳಕು ಬರುತ್ತದೆ ಗೊತ್ತಾ! ಹಳದಿ ಪರದೆ ಹಾಕಿದ್ದೇನೆ. ನಾನು ಮಾಡಿದ ಕಾಫಿಯನ್ನು ಇವರು ಕಣ್ಣು ಮುಚ್ಚಿ ಕುಡಿದು "ಅಬ್ಬಬ್ಬಾ" ಎನ್ನುತ್ತಾರೆ. ಹೊಗಳಿಕೆಯೋ ನರಳಾಟವೋ ಇನ್ನೂ ಪತ್ತೆಯಾಗಿಲ್ಲ.

ಆಮೇಲೆ ನಮ್ಮ ಅತ್ತೆ! ಮದುವೆಯಲ್ಲಿ ನೀನು "ಪ್ರೊಫೆಸರಮ್ಮನಿಗೆ ಬಿಗುಮಾನ ಜಾಸ್ತಿ ಕಣೇ" ಎಂದೆಯಲ್ಲ, ಬಿಗುಮಾನ ಅಲ್ಲವೇ ಅಲ್ಲ. ಯೋಚಿಸದೆ ಅವರು ಬಾಯಿ ಬಿಡುವುದಿಲ್ಲ, ಅಷ್ಟೇ. ವಯಸ್ಸಾದವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ ಇಡೀ ಜೀವಮಾನ ಸಂಶೋಧನೆ ಮಾಡಿದವರು ಅವರು. ಒಂದಿಷ್ಟು ಜನರನ್ನು ನಡುವಯಸ್ಸಿನಿಂದ ಮುಪ್ಪಿನವರೆಗೂ, ಕೆಲವು ವರ್ಷಗಳಿಗೊಮ್ಮೆ ಕೂರಿಸಿಕೊಂಡು ಮಾತಾಡಿಸುತ್ತ ಬಂದಿದ್ದಾರೆ. ಅವರ ಪ್ರಯೋಗಾಲಯದ ನಿಯಮ ಒಂದೇ: ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವತನಕ ಬಾಯಿ ಮುಚ್ಚಿಕೊಂಡು ಕಾಯಬೇಕು. ನೆನಪು ಮಾಡಿಕೊಡಬಾರದು, ದನಿ ಏರಿಸಬಾರದು, ಗಡಿಯಾರ ನೋಡಬಾರದು. ಹಾಗೆ ಕಾದರೆ, ಮರೆತುಬಿಟ್ಟಿದ್ದಾರೆ ಎಂದು ಮನೆಯವರು ಕೈಬಿಟ್ಟ ಮುದುಕರೂ ಸರಿಯಾದ ಉತ್ತರ ಕೊಡುತ್ತಾರಂತೆ. "ಅದು ಮರೆವಲ್ಲ, ನಿಧಾನ. ಮರೆವು ಅನ್ನೋದನ್ನ ಅರ್ಧ ನಾವೇ ತಯಾರು ಮಾಡ್ತೀವಿ" ಎಂದು ಅತ್ತೆ ಹೇಳಿದಾಗ ನನಗೆ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡೂಬಿಟ್ಟೆ. ಗಾಬರಿಯಾದರು ಪಾಪ.

ಆ ಅಧ್ಯಯನದ ಕೊನೆಯ ಸುತ್ತು ಬಾಕಿ ಇದೆ. ನಿವೃತ್ತರಾದ ಮೇಲೂ ಅದನ್ನು ತಾವೇ ಮುಗಿಸಬೇಕೆಂದು ಅತ್ತೆಗೆ ಆಸೆ. ಆ ಮುದುಕರಲ್ಲಿ ಕೆಲವರು ಅತ್ತೆಯನ್ನು ಬಿಟ್ಟು ಬೇರೆಯವರ ಹತ್ತಿರ ಬಾಯೇ ಬಿಡುವುದಿಲ್ಲವಂತೆ. ಅದನ್ನು ತೀರ್ಮಾನಿಸುವುದಕ್ಕೆ ಮಂಗಳವಾರ ವಿಶ್ವವಿದ್ಯಾಲಯದಲ್ಲಿ, ಅವರ ವಿಭಾಗದಲ್ಲಿ ಸಭೆ ಇತ್ತು. ಇವರು ಕಾರು ಓಡಿಸಿದರು, ನಾನು ಬ್ಯಾಗು ಹಿಡಿದುಕೊಂಡು ಹೊರಟೆ. ವಿಭಾಗದ ಮುಖ್ಯಸ್ಥ ಅತ್ತೆಯ ಕೈಕೆಳಗೇ ಪಿಎಚ್‌ಡಿ ಮಾಡಿದವನು. ಮನೆಯಲ್ಲಿ ನಾವೆಲ್ಲ ಅವನನ್ನು ಶಿಷ್ಯೋತ್ತಮ ಎನ್ನುತ್ತೇವೆ. ಕಿವುಡರೊಂದಿಗೆ ಮಾತಾಡುವವನ ಹಾಗೆ ಜೋರಾಗಿ, "ಮೇಡಂ, ಕೊನೇ ಸುತ್ತು ನೀವೇ ನಡೆಸ್ತೀರಾ? ಇಲ್ಲಾ ನಮಗೆ ಬಿಟ್ಟುಕೊಡ್ತೀರಾ?" ಎಂದು ಕೇಳಿದ.

ಅತ್ತೆ ಸುಮ್ಮನಾದರು. ಮೇಜಿನ ಮೇಲೆ ಕಣ್ಣಿಟ್ಟು ಯೋಚಿಸಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಿಷ್ಯೋತ್ತಮ ಗಡಿಯಾರ ನೋಡಿದ, ಅಕ್ಕ! ಅಷ್ಟರಲ್ಲಿ ಇವರು ನಕ್ಕು, "ಬಿಟ್ಟುಕೊಡ್ತಾರೆ ಸರ್. ಅಮ್ಮನಿಗೂ ಸುಸ್ತಾಗಿದೆ" ಎಂದುಬಿಟ್ಟರು.

"ದೊಡ್ಡ ಮನಸ್ಸು ಮೇಡಂದು" ಎಂದ ಅವನು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಮನೆಗೆ ಬಂದ ಮೇಲೆ ನಾನು ಇವರ ಜೊತೆ ಜಗಳಕ್ಕೆ ಬಿದ್ದೆ. ಮೊದಲನೇ ಜಗಳ! "ಅಷ್ಟು ಜನರೆದುರು ಅಮ್ಮ ತಡವರಿಸೋದು ನೋಡೋಕಾಗ್ಲಿಲ್ಲ ಕಣೇ" ಎಂದರು. ಕಣ್ಣಲ್ಲಿ ನಿಜವಾಗಿ ನೀರಿತ್ತು.

"ತಡವರಿಸ್ಲಿಲ್ಲ, ಯೋಚಿಸ್ತಿದ್ರು."

"ನೀನು ಸುಮ್ನಿರು. ನಿಂಗೆ ಇದೆಲ್ಲ ಹೊಸದು."

ಅತ್ತೆಯ ಕೋಣೆಗೆ ಹೋಗಿ, ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿದೆ. ಈ ಸಲ ನಾನೂ ಕಾದೆ.

"ನಾನೇ ನಡೆಸ್ತೀನಿ ಅನ್ನೋದರಲ್ಲಿ ಯೋಚಿಸೋಕೇನಿತ್ತು? ಸಹಾಯಕ್ಕೆ ಯಾರನ್ನ ಕೊಡಿ ಅಂತ ಕೇಳೋದು ಅಂತ ನೋಡ್ತಿದ್ದೆ."

"ಈಗಲೂ ಫೋನ್ ಮಾಡಿ ಹೇಳಿ ಅತ್ತೆ!"

"ಹೇಳಿದ್ರೆ 'ವಯಸ್ಸಾಯ್ತು, ಈಗೊಂದು ಆಗೊಂದು ಅಂತಾರೆ' ಅಂತಾರೆ. ಹೇಳ್ದಿದ್ರೆ 'ಒಪ್ಪಿಕೊಂಡ್ರು' ಅಂತಾರೆ. ಎರಡನ್ನೂ ನಾನೇ ಪುಸ್ತಕದಲ್ಲಿ ಬರೆದಿದ್ದೀನಿ, ಅವನು ಅದನ್ನ ಓದಿಯೇ ಪಾಸಾಗಿದ್ದು."

ಮಾರನೆಯ ದಿನ ವಿಭಾಗದ ಅಟೆಂಡರುಗಳು ಬಂದು, ಆ ಮುದುಕರ ಮಾತುಗಳ ಧ್ವನಿಮುದ್ರಣವಿದ್ದ ಪೆಟ್ಟಿಗೆಗಳನ್ನೆಲ್ಲ ಹೊತ್ತುಕೊಂಡು ಹೋದರು. ಬೀಳ್ಕೊಡುಗೆ ಸಮಾರಂಭವೂ ಇದೆಯಂತೆ, ಶಿಷ್ಯೋತ್ತಮನದು "ಸಾರ್ಥಕ ಮುಪ್ಪು" ಎಂಬ ಭಾಷಣ. ಬರುತ್ತೀರಾ ಅತ್ತೆ ಎಂದು ಕೇಳಿದರೆ, "ಬರ್ತೀನಿ ಅಂತ ಯಾರೋ ಆಗ್ಲೇ ಹೇಳಿರ್ತಾರೆ ಬಿಡು" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಪುಟಾಣಿಗೆ ಎರಡೂ ಕೆನ್ನೆಗೆ ಮುತ್ತು. ನನಗೆ ಒಳ್ಳೆಯದಾಗಲೆಂದು ನೀನೇ ಹರಸು, ಅಮ್ಮನಿಲ್ಲದ ಮೇಲೆ ಆ ಕೆಲಸ ನಿನ್ನದೇ.

ನಿನ್ನ
ಬಾಯಿಬಡುಕಿ

ತಾ.ಕ.: ಹೋದ ವಾರ ಫೋನಿನಲ್ಲಿ, ಎಂ.ಎ.ಗೆ ಸೀಟು ಸಿಕ್ಕಿದೆಯಲ್ಲ, ಯಾವಾಗ ಸೇರುತ್ತೀಯ ಎಂದು ನೀನು ಕೇಳಿದೆ. ಸ್ಪೀಕರ್ ಆನ್ ಇತ್ತು. "ಅಯ್ಯೋ, ಈಗ ಬೇಡವಂತೆ ಅವಳಿಗೆ" ಎಂದರು ಇವರು. ಬೇಡವೆಂದು ನಾನು ಯಾರಿಗೂ ಹೇಳಿರಲಿಲ್ಲ. ನೀನು "ಸರಿ ಬಿಡಿ, ಸಂಸಾರ ಮೊದಲು" ಎಂದು ನಕ್ಕು ಪುಟಾಣಿಯ ಕೆಮ್ಮಿನ ಸುದ್ದಿ ತೆಗೆದೆ. ನಾನು ಅಲ್ಲೇ ಇದ್ದೆ ಅಕ್ಕ.