ಬ್ರೇಕ್ ಇಲ್ಲದ ಗಾಡಿ

ಬುಧವಾರ, ಮಧ್ಯಾಹ್ನ ಎರಡೂವರೆ

ಡ್ರೈವರ್ ಸಾಹೇಬರಿಗೆ ಕಂಡಕ್ಟರಮ್ಮನ ನಮಸ್ಕಾರ.

ನಿಮ್ಮ ಮಗಳು ದೋಣಿ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಂದರು ಕಚೇರಿಯ ಬೋರ್ಡಿಗೆ ಪಟ್ಟಿ ಅಂಟಿಸಿದರು. ಸುದ್ದಿ ತಂದವರು ಅವಳ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದವರು. ಎಲ್ಲರೂ ಅವರನ್ನು ಹಗ್ಗದಣ್ಣ ಎನ್ನುತ್ತಾರೆ. ನಾನು ದೋಣಿ ನಿಲ್ಲುವ ಜೆಟ್ಟಿಯ ಪಕ್ಕದ ಚಹಾ ಅಂಗಡಿಯಲ್ಲಿ ಕೂತಿದ್ದೆ. ಅವರು ದೂರದಿಂದಲೇ ಎರಡೂ ಕೈ ಎತ್ತಿಕೊಂಡು ಓಡಿ ಬಂದರು. ಆಗ ನಿಮ್ಮ ಮಗಳು ಬಂದರಿನ ನಡುಮಧ್ಯದಲ್ಲಿದ್ದಳು. ಅವಳಿಗಿಂತ ಏಳು ನಿಮಿಷ ಮೊದಲೇ ನನಗೆ ಗೊತ್ತಾಯಿತು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವಳ ಮಾತು ಎತ್ತಿದ ಕೂಡಲೇ ನೀವು "ಹಾಲು ಉಕ್ತಾ ಇದೆ" ಎಂದು ಇಟ್ಟುಬಿಡುತ್ತೀರಿ. ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಒಂದೇ ಸಮ ಹಾಲು ಉಕ್ಕುತ್ತಿದೆ. ಕಾಗದವಾದರೆ ಉಕ್ಕಿದ ಮೇಲೂ ಓದಬಹುದು.

ಇಲ್ಲಿಗೆ ಬಂದ ಮೊದಲ ದಿನವೇ ನಾನು ಫೆರಿ ದೋಣಿ ಹತ್ತಿದೆ. ಈ ದಡದಿಂದ ಆ ದಡಕ್ಕೆ ಹದಿನಾಲ್ಕು ನಿಮಿಷ. ಅತಿಥಿಯಾಗಿ ಬಂದವಳಿಗೆ ಮಾಡಲು ಬೇರೆ ಕೆಲಸವಿಲ್ಲವಲ್ಲ, ಆ ದಿನ ನಾಲ್ಕು ಸಲ ಹೋಗಿ ಬಂದೆ. ಕಚೇರಿಗೆ ಹೋಗುವವರು, ಸೈಕಲ್ ತಳ್ಳಿಕೊಂಡು ಬರುವವರು, ನಿಂತಲ್ಲೇ ತಲೆ ಬಾಚಿಕೊಳ್ಳುವ ಹುಡುಗಿಯರು, ಎಲ್ಲ ನಮ್ಮ ಬಸ್ಸಿನ ಜನರೇ. ಒಂದೇ ವ್ಯತ್ಯಾಸ. ಇವರಿಗೆ "ಒಳಗೆ ಹೋಗ್ರೀ, ಒಳಗೆ ಜಾಗ ಇದೆ" ಎಂದು ಹೇಳುವವರಿಲ್ಲ. ನೀಲಿ ಅಲೆಯ ಗುರುತಿನ ಟಿಕೆಟ್ಟನ್ನು ಯಂತ್ರ ಉಗುಳುತ್ತದೆ. ಪಾಪ, ಕಂಡಕ್ಟರ್ ಕೈಯಲ್ಲಿ ಬೈಸಿಕೊಳ್ಳುವ ಸುಖ ಈ ಊರಿನವರಿಗೆ ಗೊತ್ತೇ ಇಲ್ಲ. ನೀರಿನ ನಡುವೆ ಹೋದಾಗ ಇಡೀ ಊರು ಒಮ್ಮೆಲೇ ಕಾಣುತ್ತದೆ, ಕ್ರೇನುಗಳು, ಗಡಿಯಾರದ ಗೋಪುರ, ಒಣಹಾಕಿದ ಬಟ್ಟೆಗಳ ಮಾಳಿಗೆಗಳು. ಇಪ್ಪತ್ತೆರಡು ವರ್ಷ ಜನರ ಬೆನ್ನುಗಳ ನಡುವೆ ನಿಂತು ಓಡಾಡಿದವಳು ನಾನು. ಪ್ರಯಾಣದಲ್ಲಿ ಕಿಟಕಿಯಾಚೆಯೂ ಏನೋ ಇರುತ್ತದೆ ಎಂಬುದು ಈಗ ತಿಳಿಯಿತು.

ಈಗ ಪರೀಕ್ಷೆಯ ವಿಷಯ. ಅದು ನಿನ್ನೆ ನಡೆಯಿತು. ಹಿಂದಿನ ದಿನವೇ ಅವಳು ನನಗೆ ಕಟ್ಟಪ್ಪಣೆ ಮಾಡಿದ್ದಳು: "ಅಮ್ಮಾ, ನಾಳೆ ಮಾತ್ರ ನೀನು ದೋಣಿ ಹತ್ತಕೂಡದು. ನೀನಿದ್ರೆ ನನ್ನ ಗಮನ ನಿನ್ನ ಕಡೆಗೇ ಇರುತ್ತೆ." ನಾನು ಹೂಂ ಎಂದೆ. ಬೆಳಿಗ್ಗೆ ಅವಳದೇ ಒಂದು ಟೋಪಿಯನ್ನು ಕಿವಿವರೆಗೆ ಎಳೆದುಕೊಂಡು, ಹಿಂಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತೆ.

ಹೊರಡುವ ಹೊತ್ತು. ಜನ ಹತ್ತುವ ಹಲಗೆ ಎಳೆದುಕೊಂಡಾಗಿತ್ತು, ಹಗ್ಗ ಬಿಚ್ಚಿಯಾಗಿತ್ತು. ಜೆಟ್ಟಿಗೂ ದೋಣಿಗೂ ನಡುವೆ ಒಂದು ಮೊಳ ನೀರು ಕಾಣತೊಡಗಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ದೊಡ್ಡದೊಂದು ಹೂಕುಂಡ ಅಪ್ಪಿಕೊಂಡು ಓಡಿ ಬಂದಳು. ಗಿಡ ಅವಳ ತಲೆಗಿಂತ ಎತ್ತರ. ಎಲೆಗಳ ಸಂದಿಯಿಂದ ಅವಳಿಗೆ ದೋಣಿ ಕಾಣುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಹಗ್ಗದಣ್ಣ ಆ ಕಡೆ ಬಗ್ಗಿ ಹಗ್ಗ ಸುತ್ತುತ್ತಿದ್ದರು. ಮುಂದೆ ಚುಕ್ಕಾಣಿ ಹಿಡಿದವಳಿಗೆ ಹಿಂಬಾಗಿಲು ಕಾಣುವುದಿಲ್ಲ.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ಹೋಲ್ಡಾನ್!"

ಹೆಂಗಸು ಅಂಚಿನಲ್ಲಿ ನಿಂತಳು. ಹಗ್ಗದಣ್ಣ ತಿರುಗುವ ಮೊದಲೇ ದೋಣಿಯೂ ನಿಂತಿತು! ಇಂಜಿನ್ನಿನ ದನಿ ಬದಲಾಯಿತು, ಅಷ್ಟೇ. ಯಾರೂ ಮುಗ್ಗರಿಸಲಿಲ್ಲ. ನನ್ನ ಎದುರು ಕೂತವನ ಲೋಟದ ಕಾಫಿ ತುಳುಕಲಿಲ್ಲ. ಅದನ್ನು ನಾನು ಬೇಕೆಂದೇ ನೋಡಿದೆ. ಆಮೇಲೆ ದೋಣಿ ಮೆಲ್ಲಗೆ ಹಿಂದೆ ಸರಿದು ಜೆಟ್ಟಿಗೆ ತಾಗಿತು. ಹಲಗೆ ಇಟ್ಟರು, ಗಿಡವೂ ಹೆಂಗಸೂ ಒಳಗೆ ಬಂದರು. ಜನ ಚಪ್ಪಾಳೆ ಹೊಡೆದರು.

ಸ್ವಲ್ಪ ಹೊತ್ತಿಗೆ ಪರೀಕ್ಷಕರು ಕೈಯಲ್ಲಿ ಕಾಗದ ಹಿಡಿದು ಹಿಂದೆ ಬಂದರು. "ಕೂಗಿದ್ದು ಯಾರು?" ಇಡೀ ದೋಣಿ ನನ್ನ ಕಡೆ ಬೆರಳು ತೋರಿಸಿತು.

"ಪ್ರಯಾಣಿಕರು ಆರ್ಡರ್ ಕೊಡೋ ಹಾಗಿಲ್ಲಮ್ಮ."

"ತಪ್ಪಾಯ್ತು ಸ್ವಾಮಿ, ಹಳೇ ಅಭ್ಯಾಸ. ಬೇಕಾದ್ರೆ ನನ್ನನ್ನ ಇಲ್ಲೇ ಇಳಿಸಿ. ಅವಳನ್ನ ಮಾತ್ರ ಫೇಲ್ ಮಾಡ್ಬೇಡಿ."

"ಅವಳು ಅಂದ್ರೆ?"

ನಾಲಿಗೆ ಕಚ್ಚಿಕೊಂಡೆ. ಉತ್ತರ ಧ್ವನಿವರ್ಧಕದಲ್ಲಿ ಬಂತು: "ಕೊನೇ ಬೆಂಚಿನಲ್ಲಿ ನನ್ನ ಟೋಪಿ ಹಾಕ್ಕೊಂಡಿರೋ ಪ್ರಯಾಣಿಕರು ಇಳಿಯುವಾಗ ನನ್ನನ್ನ ಕಂಡು ಹೋಗ್ಬೇಕು."

ಆ ಸಂಜೆ "ನೀನು ಹತ್ತುವಾಗ್ಲೇ ಟೋಪಿ ಕಂಡಿತ್ತು" ಎಂದಳು. ಅವಳು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ನಾನು ಅವಳ ಕೆಲಸ ಕೆಡಿಸಿದೆ ಎಂದೇ ನಂಬಿದ್ದೆ. ಇವತ್ತು ಪಟ್ಟಿಯ ಜೊತೆ ಪರೀಕ್ಷಕರ ಟಿಪ್ಪಣಿಯೂ ಬಂತು. ಅದರ ಕೊನೆಯ ಸಾಲನ್ನು ಇದ್ದ ಹಾಗೇ ನಕಲು ಮಾಡುತ್ತೇನೆ: "ಹೊರಟ ದೋಣಿಯನ್ನು ಒಂದು ಮಾರಿನೊಳಗೆ ನಿಲ್ಲಿಸಿ ಮರಳಿ ಜೆಟ್ಟಿಗೆ ತಂದಿದ್ದಾರೆ. ಇದು ಪರೀಕ್ಷೆಯ ಪಟ್ಟಿಯಲ್ಲಿ ಇರಲಿಲ್ಲ. ತೃಪ್ತಿಕರ."

ಎಂಟು ತಿಂಗಳ ಹಿಂದೆ ನೀವು ಆಡಿದ ಮಾತು ನನಗೆ ನೆನಪಿದೆ. "ಬ್ರೇಕ್ ಇಲ್ಲದ ಗಾಡಿಗೆ ನನ್ನ ಮಗಳನ್ನ ಕಳಿಸಲ್ಲ" ಎಂದಿರಿ. ಅವಳು ಹೋದಳು. ನೀವು ಮಾತು ಬಿಟ್ಟಿರಿ. ಅವಳನ್ನು ಕೇಳಿದೆ, ಕೂಗಿದ ತಕ್ಷಣ ಹೇಗೆ ನಿಲ್ಲಿಸಿದೆ ಎಂದು. ನಕ್ಕಳು. ರಜೆಯಲ್ಲೆಲ್ಲ ನಮ್ಮ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಬರುತ್ತಿದ್ದಳಲ್ಲ, ಡಿಪೋದವರು ಸ್ಟೆಪ್ನಿ ಎಂದೇ ಕರೆಯುತ್ತಿದ್ದರಲ್ಲ, ಆಗ ನಾನು ಹೋಲ್ಡಾನ್ ಎಂದಾಗ ನಿಮ್ಮ ಕಾಲು ಏನು ಮಾಡುತ್ತಿತ್ತು ಎಂದು ನೋಡುತ್ತಾ ಇದ್ದಳಂತೆ. "ಇಲ್ಲಿ ಕಾಲಿನ ಕೆಲಸ ಕೈ ಮಾಡುತ್ತೆ, ಅಷ್ಟೇ ಅಮ್ಮ" ಎಂದಳು. ಬ್ರೇಕ್ ಇದೆಯೋ ಇಲ್ಲವೋ ನೀವೇ ತೀರ್ಮಾನಿಸಿ.

ಸೋಮವಾರದಿಂದ ದೋಣಿ ಅವಳೊಬ್ಬಳದೇ. ಪಕ್ಕದಲ್ಲಿ ಯಾರೂ ನಿಲ್ಲುವುದಿಲ್ಲ. "ಅಪ್ಪ ಬರ್ತಾರಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ "ಬರಲ್ಲ ಬಿಡು" ಎಂದು ತಾನೇ ಹೇಳಿಕೊಂಡು ಟೋಪಿ ಮಡಿಸಿಟ್ಟಳು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬನ್ನಿ. ನೀಲಿ ಅಂಗಿ ಇಸ್ತ್ರಿ ಮಾಡಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ಒಲೆ ಆರಿಸಿ ಬೀಗ ಹಾಕಿ.

ನಿಮ್ಮ ಸೀಟಿ,
ಕಂಡಕ್ಟರಮ್ಮ

ತಾ.ಕ.: ಹೋದ ತಿಂಗಳು ನೀವು ಹೊಸ ಕನ್ನಡಕ ಮಾಡಿಸಲು ಹೋಗಿ, ಹಳೆಯ ಕನ್ನಡಕದಲ್ಲೇ ರಾತ್ರಿ ಮನೆಗೆ ಬಂದಿರಿ. ಮರುದಿನ ಅಂಗಿ ಒಗೆಯುವಾಗ ಜೇಬಿನಲ್ಲಿ ನೀಲಿ ಅಲೆಯ ಗುರುತಿನ ಟಿಕೆಟ್ ಸಿಕ್ಕಿತು. ಇಪ್ಪತ್ತೆರಡು ವರ್ಷ ಟಿಕೆಟ್ ಹರಿದವಳಿಗೆ ಅದು ಬಸ್ಸಿನದಲ್ಲ ಎಂದು ತಿಳಿಯುವುದಿಲ್ಲವೇ? ನಾನು ಇಲ್ಲಿಗೆ ಬಂದದ್ದೇ ಅದು ಎಲ್ಲಿಯದು ಎಂದು ನೋಡಲು. ಇವತ್ತು ಹಗ್ಗದಣ್ಣ ಚಹಾ ಕುಡಿಯುತ್ತಾ ಹೇಳಿದರು: "ನೀವು ಕೂತಿದ್ದ ಬೆಂಚಲ್ಲೇ ಹೋದ ತಿಂಗಳು ಒಬ್ಬರು ಯಜಮಾನ್ರು ಕೂತಿದ್ರಮ್ಮ. ಆರು ಸಲ ಹೋಗಿ ಬಂದ್ರು. ದಡ ಹತ್ರ ಬಂದಾಗೆಲ್ಲ ಬಲಗಾಲನ್ನ ನೆಲಕ್ಕೆ ಒತ್ತಿ ಹಿಡಿಯೋರು. ಪಾಪ, ಕಾಲುನೋವೇನೋ." ಹೌದು, ಹಳೆಯ ನೋವು ಎಂದೆ. ಮಗಳಿಗೆ ಹೇಳಿಲ್ಲ. ಅದು ನೀವು ಹೇಳಬೇಕಾದ್ದು.

ಸೋಮವಾರದ ಮೊದಲ ಟ್ರಿಪ್ ಎರಡನೇ ಜೆಟ್ಟಿಯಿಂದ ಬೆಳಿಗ್ಗೆ ಏಳು ಹತ್ತಕ್ಕೆ. ಹಲಗೆಯನ್ನು ಏಳು ಒಂಬತ್ತಕ್ಕೆ ಎಳೆಯುತ್ತಾರೆ.